ಹೊಟ್ಟಿನ ಬೂದಿ ಕಲಿಸಿದ ಲೆಕ್ಕ

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ನಮ್ಮಲ್ಲಿ ಅನೇಕರಿಗೆ ಒಂದು ಶಾಸ್ತ್ರ. ಸೀನಿಯರ್‌ಗಳ ವರದಿ ತಂದು, ಹೆಸರು ಬದಲಿಸಿ, ಬೈಂಡಿಂಗ್ ಮಾಡಿಸಿ ಒಪ್ಪಿಸಿದರೆ ಮುಗಿಯಿತು. ನಾನು ಆರಿಸಿಕೊಂಡ ವಿಷಯ ಹೇಳಿದಾಗ ಗೆಳತಿಯರು ನಕ್ಕರು. ಬಿಸಿ ಹೊಗೆಯನ್ನು ಶುದ್ಧ ಮಾಡುವ ಸೆರಾಮಿಕ್ ಫಿಲ್ಟರಿನೊಳಗೆ ಅನಿಲ ಹೇಗೆ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ವಿಷಯ. ‘ಅದನ್ನ ಸಿಂಧನೂರಾಗ ಯಾರು ಕೇಳ್ತಾರ?’ ಎಂದಳು ಒಬ್ಬಳು.

ಸಿಂಧನೂರಿನಲ್ಲೇ ಕೇಳಬೇಕಾದ ಪ್ರಶ್ನೆ ಅದು ಎಂದು ನನಗೆ ಅನಿಸಿತ್ತು. ಯಾಕೆ ಅಂತ ಹೇಳುತ್ತೇನೆ.

ನಮ್ಮದು ಆರ್.ಎಚ್. ಕ್ಯಾಂಪ್. ಪುನರ್ವಸತಿ ಎನ್ನುವುದಕ್ಕೆ ಇಂಗ್ಲಿಷಿನಲ್ಲಿರುವ ಪದದಿಂದ ಬಂದ ಹೆಸರು. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ ಬಂದ ನಿರಾಶ್ರಿತ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ನೆಲ ಕೊಟ್ಟಿತು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಹೊಲದಲ್ಲಿ ಎರಡೂ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಈ ಸೀಮೆ ಭತ್ತದ ಕಣಜವಾಯಿತು. ಭತ್ತ ಇದ್ದಲ್ಲಿ ರೈಸ್ ಮಿಲ್, ರೈಸ್ ಮಿಲ್ ಇದ್ದಲ್ಲಿ ಚಿಮಣಿ. ನನ್ನ ಬಾಬಾ, ಅಂದರೆ ಅಪ್ಪ, ಅಂಥದ್ದೊಂದು ಮಿಲ್ಲಿನಲ್ಲಿ ಬಾಯ್ಲರ್‌ಗೆ ಹೊಟ್ಟು ಹಾಕುವ ಕೆಲಸ ಮಾಡುತ್ತಾರೆ. ಆ ಹೊಟ್ಟಿನ ಬೂದಿಯಿಂದಲೇ ನಮ್ಮ ಮನೆ ನಡೆದಿದೆ, ನನ್ನ ಕಾಲೇಜಿನ ಫೀಸು ಕಟ್ಟಿದ್ದೂ ಅದರಿಂದಲೇ. ಚಳಿಗಾಲದ ರಾತ್ರಿ ಬಾಬಾ ಕೆಮ್ಮುವುದೂ ಅದರಿಂದಲೇ ಇರಬಹುದೇ ಎಂಬ ಅನುಮಾನ ಮನೆಯಲ್ಲಿ ಎಲ್ಲರಿಗೂ ಇದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಒಂದು ಕ್ವಿಂಟಲ್ ಭತ್ತ, ನಾಲ್ಕು ಕಿಲೊ ಬೂದಿ

ಮೊದಲು ಬೂದಿಯ ಲೆಕ್ಕ. 100 ಕಿಲೊ ಭತ್ತ ಮಿಲ್ ಮಾಡಿದರೆ ಸುಮಾರು 20 ಕಿಲೊ ಹೊಟ್ಟು ಬರುತ್ತದೆ. ಆ ಹೊಟ್ಟು ಸುಟ್ಟರೆ ಉಳಿಯುವ ಬೂದಿ ಸುಮಾರು 4 ಕಿಲೊ. ಕಟ್ಟಿಗೆ ಸುಟ್ಟರೆ ಇಷ್ಟು ಬೂದಿ ಬರುವುದಿಲ್ಲ. ಭತ್ತದ ಗಿಡ ನೆಲದಿಂದ ಸಿಲಿಕಾ ಹೀರಿಕೊಂಡು ಹೊಟ್ಟಿನಲ್ಲಿ ಕೂಡಿಡುತ್ತದೆ. ಹೀಗಾಗಿ ಹೊಟ್ಟಿನ ಬೂದಿಯಲ್ಲಿ ಬಹುಪಾಲು, ಸಾಮಾನ್ಯವಾಗಿ ಶೇ 85ಕ್ಕಿಂತ ಹೆಚ್ಚು, ಸಿಲಿಕಾನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಬೂದಿಯಿಂದ ಕೈಗಾರಿಕೆಗೆ ಬೇಕಾದ ಸಿಲಿಕಾ ತೆಗೆಯುವ ವಿಧಾನವನ್ನೇ ರೂಪಿಸಿದ್ದಾರೆ. ಹಿಡಿದಿಟ್ಟರೆ ಅದು ಸರಕು, ಗಾಳಿಗೆ ಬಿಟ್ಟರೆ ಧೂಳು.

ಧೂಳಾದಾಗ ಅದು ಬರೀ ಬಟ್ಟೆ ಕೊಳೆ ಮಾಡುವ ಧೂಳಲ್ಲ. ಹೊಟ್ಟು ಹದವಾದ ಶಾಖದಲ್ಲಿ ಸುಟ್ಟಾಗ ಸಿಲಿಕಾ ಗಾಜಿನಂತೆ ಆಕಾರವಿಲ್ಲದ ರೂಪದಲ್ಲಿರುತ್ತದೆ. ಬೆಂಕಿ ತೀರಾ ಬಿಸಿಯಾದರೆ ಅದರಲ್ಲಿ ಒಂದಷ್ಟು ಹರಳಾಗಿ ಬದಲಾಗುತ್ತದೆ. ಕಲ್ಲು ಒಡೆಯುವವರಿಗೆ, ಗಣಿ ಕೆಲಸಗಾರರಿಗೆ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಕಾರಣ ಇದೇ ಹರಳು ಸಿಲಿಕಾದ ಸಣ್ಣ ಕಣಗಳು. ಅದಕ್ಕೇ ನನಗೆ ಫಿಲ್ಟರ್ ಎಂಬುದು ಪಠ್ಯಪುಸ್ತಕದ ಅಧ್ಯಾಯವಾಗಿ ಕಾಣಲಿಲ್ಲ.

ಹೊಗೆ ಸೋಸುವ ನಾಲ್ಕು ದಾರಿ

ಹೊಗೆಯಿಂದ ಬೂದಿ ಬೇರ್ಪಡಿಸಲು ನಾಲ್ಕು ದಾರಿಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ಸೈಕ್ಲೋನ್. ಹೊಗೆಯನ್ನು ಸುಳಿಯಂತೆ ತಿರುಗಿಸಿದರೆ ಭಾರದ ಕಣ ಗೋಡೆಗೆ ಬಡಿದು ಕೆಳಗೆ ಬೀಳುತ್ತದೆ. ಅಗ್ಗ, ಆದರೆ ಸಣ್ಣ ಕಣಗಳನ್ನು ಹಿಡಿಯುವುದಿಲ್ಲ. ಎರಡನೆಯದು ಕಣಗಳಿಗೆ ವಿದ್ಯುತ್ ಆವೇಶ ಕೊಟ್ಟು ತಟ್ಟೆಗೆ ಎಳೆದುಕೊಳ್ಳುವ ಇಎಸ್‌ಪಿ. ನಮ್ಮ ಜಿಲ್ಲೆಯ ಶಕ್ತಿನಗರದ ಆರ್‌ಟಿಪಿಎಸ್‌ನಂಥ ಕಲ್ಲಿದ್ದಲು ಸ್ಥಾವರಗಳಲ್ಲಿ ಇರುವುದು ಇದು. ಮೂರನೆಯದು ಬಟ್ಟೆಯ ಚೀಲ. ಚೆನ್ನಾಗಿ ಸೋಸುತ್ತದೆ, ಆದರೆ ಪಾಲಿಯೆಸ್ಟರ್ ಚೀಲ 150 ಡಿಗ್ರಿ ಸೆಲ್ಸಿಯಸ್ ಆಚೆ ತಾಳುವುದಿಲ್ಲ. ಗಾಜಿನ ನಾರಿನ ಚೀಲವಾದರೂ 260 ಡಿಗ್ರಿ ಹತ್ತಿರ ಸೋಲುತ್ತದೆ. ಒಂದು ಕಿಡಿ ಹಾರಿಬಂದರೂ ಚೀಲದಲ್ಲಿ ತೂತು.

ನಾಲ್ಕನೆಯದು ಸೆರಾಮಿಕ್. ಸಿಲಿಕಾನ್ ಕಾರ್ಬೈಡ್‌ನಿಂದಲೋ ಸೆರಾಮಿಕ್ ನಾರಿನಿಂದಲೋ ಮಾಡಿದ, ಒಂದು ತುದಿ ಮುಚ್ಚಿದ ಉದ್ದನೆಯ ಕೊಳವೆ. ಸುಮಾರು 6 ಸೆಂಟಿಮೀಟರ್ ದಪ್ಪ, ಒಂದರಿಂದ ಒಂದೂವರೆ ಮೀಟರ್ ಉದ್ದ. ನೋಡಲು ಮೇಣದಬತ್ತಿಯಂತೆ ಇರುವುದರಿಂದ ಕ್ಯಾಂಡಲ್ ಫಿಲ್ಟರ್ ಎಂದೇ ಹೆಸರು. ಗೋಡೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಹೊಗೆ ಹೊರಗಿನಿಂದ ಒಳಗೆ ನುಸುಳುತ್ತದೆ, ಬೂದಿ ಹೊರಮೈ ಮೇಲೆ ನಿಲ್ಲುತ್ತದೆ. 600 ಡಿಗ್ರಿಯ ಅನಿಲ ಬಂದರೂ ಅದು ಕೆಲಸ ಮಾಡುತ್ತದೆ. ಹೊಟ್ಟನ್ನು ಗ್ಯಾಸಿಫೈಯರಿನಲ್ಲಿ ಹಾಕಿ ಉರಿಯುವ ಅನಿಲ ಮಾಡುವ ಕಡೆ ಇದು ಬಹಳ ಉಪಯೋಗಿ. ಆ ಅನಿಲ ತಣ್ಣಗಾದರೆ ಅದರಲ್ಲಿರುವ ಟಾರ್ ದ್ರವವಾಗಿ ಬೂದಿಯ ಜೊತೆ ಸೇರಿ ಅಂಟಾಗುತ್ತದೆ. ಬಿಸಿ ಇರುವಾಗಲೇ ಸೋಸಿದರೆ ಆ ಕಾಟ ಕಡಿಮೆ.

ಇದೇ ಕುಲದ ಇನ್ನೊಂದು ಫಿಲ್ಟರನ್ನು ನೀವು ದಿನಾ ರಸ್ತೆಯಲ್ಲಿ ದಾಟುತ್ತೀರಿ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ಡೀಸೆಲ್ ಕಾರು, ಲಾರಿ, ಬಸ್ಸುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಸೆರಾಮಿಕ್ ಫಿಲ್ಟರ್ ಬಂದು ಕೂತಿದೆ. ಜೇನುಗೂಡಿನಂಥ ಸಣ್ಣ ಸಣ್ಣ ಕಾಲುವೆಗಳು. ಒಂದರ ಹಿಂಬದಿ ಮುಚ್ಚಿದ್ದರೆ ಪಕ್ಕದ್ದರ ಮುಂಬದಿ ಮುಚ್ಚಿರುತ್ತದೆ. ಹೊಗೆ ಮುಂದೆ ಹೋಗಬೇಕಾದರೆ ಗೋಡೆಯ ಮೂಲಕ ನುಸುಳಲೇಬೇಕು. ಮಸಿ ಗೋಡೆಯಲ್ಲಿ ಉಳಿಯುತ್ತದೆ.

ಬಿಸಿಯಾದರೆ ಗಾಳಿ ದಪ್ಪ

ಫಿಲ್ಟರ್ ಅಂದರೆ ತಡೆ. ತಡೆ ಹೆಚ್ಚಾದಷ್ಟೂ ಹೊಗೆ ಎಳೆಯುವ ಫ್ಯಾನಿಗೆ ಕರೆಂಟು ಹೆಚ್ಚು. ಹಾಗಾಗಿ ಮೊದಲ ಪ್ರಶ್ನೆ: ಗೋಡೆ ದಾಟುವಾಗ ಅನಿಲದ ಒತ್ತಡ ಎಷ್ಟು ಇಳಿಯುತ್ತದೆ?

ಇದಕ್ಕೆ ಉತ್ತರ ಕೊಡುವ ಸೂತ್ರ 1856ರದು. ಫ್ರಾನ್ಸಿನ ದಿಜೋನ್ ಪಟ್ಟಣದ ನೀರು ಪೂರೈಕೆಯ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳಿನ ಮೂಲಕ ನೀರು ಹರಿಸಿ ಕಂಡುಕೊಂಡ ನಿಯಮ. ಒತ್ತಡದ ಇಳಿಕೆ ಬೇಕಾದರೆ ಅನಿಲದ ಸ್ನಿಗ್ಧತೆ, ವೇಗ, ಗೋಡೆಯ ದಪ್ಪ ಈ ಮೂರನ್ನೂ ಗುಣಿಸಿ, ಗೋಡೆ ಅನಿಲವನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಎಂಬ ಅಳತೆಯಿಂದ ಭಾಗಿಸಬೇಕು. ಆ ಅಳತೆಗೆ ಪರ್ಮಿಯಬಿಲಿಟಿ ಎನ್ನುತ್ತಾರೆ. ಪಿಯುಸಿ ಓದಿದವರು ಮಾಡಬಹುದಾದ ಗುಣಾಕಾರ, ಭಾಗಾಕಾರ.

ಒಂದು ಸೆಂಟಿಮೀಟರ್ ದಪ್ಪದ ಗೋಡೆ, ಪರ್ಮಿಯಬಿಲಿಟಿ ಒಂದು ಚದರ ಮೀಟರಿನ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲು ಎಂದಿಟ್ಟುಕೊಳ್ಳಿ. 27 ಡಿಗ್ರಿಯ ಗಾಳಿ ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ ನುಸುಳಿದರೆ ಒತ್ತಡ ಸುಮಾರು 185 ಪ್ಯಾಸ್ಕಲ್ ಇಳಿಯುತ್ತದೆ. ನೀರಿನ ಮಟ್ಟದಲ್ಲಿ ಹೇಳಿದರೆ 19 ಮಿಲಿಮೀಟರ್. ಈಗ ಅಷ್ಟೇ ತೂಕದ ಗಾಳಿಯನ್ನು 600 ಡಿಗ್ರಿಗೆ ಕಾಯಿಸಿ. ಅದು ಹಿಗ್ಗಿ 2.9 ಪಟ್ಟು ಜಾಗ ತೆಗೆದುಕೊಳ್ಳುತ್ತದೆ, ಹಾಗಾಗಿ ವೇಗವೂ 2.9 ಪಟ್ಟು. ಇದರ ಮೇಲೆ ಇನ್ನೊಂದು ವಿಚಿತ್ರ. ಎಣ್ಣೆ ಕಾಯಿಸಿದರೆ ತೆಳ್ಳಗಾಗುತ್ತದೆ, ಗಾಳಿ ಹಾಗಲ್ಲ. ಬಿಸಿಯಾದಷ್ಟೂ ಅದರ ಸ್ನಿಗ್ಧತೆ ಏರುತ್ತದೆ. 600 ಡಿಗ್ರಿಯಲ್ಲಿ ಅದು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಎರಡೂ ಸೇರಿ ಒತ್ತಡದ ಇಳಿಕೆ ಆರು ಪಟ್ಟಾಗುತ್ತದೆ, 1,100 ಪ್ಯಾಸ್ಕಲ್ ದಾಟುತ್ತದೆ. ಅದೇ ಕೊಳವೆ, ಅಷ್ಟೇ ತೂಕದ ಗಾಳಿ. ಬದಲಾದದ್ದು ಬಿಸಿ ಮಾತ್ರ.

ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಮಾಡಿ ಮುಗಿಸಿದ ಮೇಲೇ ನಾನು ಲ್ಯಾಪ್‌ಟಾಪ್ ತೆರೆದೆ. ಕೈಲೆಕ್ಕ ಇಲ್ಲದೆ ಸಿಮ್ಯುಲೇಷನ್‌ಗೆ ಇಳಿಯಬೇಡ ಎಂದು ನಮ್ಮ ಗೈಡ್ ಮೇಡಂ ಮೊದಲ ದಿನವೇ ಹೇಳಿದ್ದರು. ಕಂಪ್ಯೂಟರ್ ಬಣ್ಣಬಣ್ಣದ ಚಿತ್ರ ಕೊಡುತ್ತದೆ, ಚಿತ್ರ ಸರಿಯೋ ತಪ್ಪೋ ಹೇಳುವುದಿಲ್ಲ.

ಲ್ಯಾಪ್‌ಟಾಪಿನೊಳಗೊಂದು ಫಿಲ್ಟರ್

ಕೈಲೆಕ್ಕ ಒಂದು ಗೋಡೆಗೆ ಸಾಕು. ನಿಜವಾದ ಫಿಲ್ಟರಿನಲ್ಲಿ ಒಂದು ದೊಡ್ಡ ಪಾತ್ರೆಯೊಳಗೆ ಸಾಲುಸಾಲಾಗಿ ಕೊಳವೆಗಳು ನೇತಾಡುತ್ತವೆ. ಹೊಗೆ ಒಂದು ಕಡೆಯಿಂದ ನುಗ್ಗುತ್ತದೆ, ತಿರುಗುತ್ತದೆ, ಸುತ್ತುತ್ತದೆ. ಅದನ್ನು ಕಾಗದದ ಮೇಲೆ ಬಿಡಿಸಲಾಗದು. ಆಗ ಪಾತ್ರೆಯೊಳಗಿನ ಜಾಗವನ್ನು ಲಕ್ಷಾಂತರ ಸಣ್ಣ ಡಬ್ಬಿಗಳಾಗಿ ಒಡೆಯುತ್ತೇವೆ. ಇದಕ್ಕೆ ಮೆಶ್ ಎನ್ನುತ್ತಾರೆ. ಪ್ರತಿ ಡಬ್ಬಿಗೂ ಒಂದೇ ನಿಯಮ: ಒಳಗೆ ಬಂದದ್ದು, ಹೊರಗೆ ಹೋದದ್ದು ತಾಳೆಯಾಗಬೇಕು. ಕೊಳವೆಯ ಗೋಡೆ ಇರುವ ಡಬ್ಬಿಗಳಿಗೆ ಡಾರ್ಸಿಯ ತಡೆಯನ್ನು ಸೇರಿಸುತ್ತೇವೆ. ಲೆಕ್ಕ ತಾಳೆಯಾಗುವ ತನಕ ಕಂಪ್ಯೂಟರ್ ಮತ್ತೆ ಮತ್ತೆ ಮಾಡುತ್ತದೆ.

ಇದಕ್ಕೆ ಲಕ್ಷಗಟ್ಟಲೆ ಬೆಲೆಯ ಸಾಫ್ಟ್‌ವೇರ್‌ಗಳಿವೆ. ನಾನು ಬಳಸಿದ್ದು ಓಪನ್‌ಫೋಮ್. 2004ರಿಂದ ಎಲ್ಲರಿಗೂ ಉಚಿತ. ಚಿತ್ರ ನೋಡಲು ಪ್ಯಾರಾವ್ಯೂ, ಅದೂ ಉಚಿತ. ಕಲಿಯಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಿವೆ. ಅಲ್ಲಿನ ಫಾಸಿ ಎಂಬ ಯೋಜನೆ ವಿದ್ಯಾರ್ಥಿಗಳಿಗೆ ಓಪನ್‌ಫೋಮ್‌ನಲ್ಲಿ ಕೆಲಸ ಮಾಡಲು ಉತ್ತೇಜನ ಕೊಡುತ್ತದೆ. ನನ್ನ ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್. ಇಡೀ ಪಾತ್ರೆಯ ಲೆಕ್ಕ ಅದಕ್ಕೆ ಹೊರೆ. ಪಾತ್ರೆ ನಾಲ್ಕೂ ಕಡೆ ಒಂದೇ ಥರ ಇದ್ದುದರಿಂದ ಕಾಲು ಭಾಗ ಮಾತ್ರ ತೆಗೆದುಕೊಂಡೆ. ರಾತ್ರಿ ಲೆಕ್ಕಕ್ಕೆ ಹಾಕಿ ಮಲಗಿದರೆ ಬೆಳಿಗ್ಗೆ ಉತ್ತರ. ಕರೆಂಟು ಹೋದರೂ ಮಾಡಿದ ಲೆಕ್ಕ ಉಳಿಯುವ ಹಾಗೆ ಆಗಾಗ ಸೇವ್ ಆಗಲು ಹೇಳಿಟ್ಟಿದ್ದೆ. ಮೊದಲು ಒಂದೇ ಗೋಡೆಯ ಲೆಕ್ಕ ಮಾಡಿಸಿ, ನೋಟ್‌ಬುಕ್ಕಿನ ಅಂಕಿಗೆ ಹೋಲಿಸಿದೆ. ಹೊಂದಿತು. ಆಮೇಲೆ ಡಬ್ಬಿಗಳನ್ನು ಇನ್ನೂ ಚಿಕ್ಕದು ಮಾಡಿ ಮತ್ತೆ ನಡೆಸಿದೆ. ಉತ್ತರ ಕದಲಲಿಲ್ಲ. ಆಗಷ್ಟೇ ಮುಂದಿನ ಹೆಜ್ಜೆ.

ಬಾಬಾ ಹೇಳಿದ ಒಂದು ಮಾತು

ಕೊಳವೆಯ ಮೇಲೆ ಬೂದಿ ಕೂತಷ್ಟೂ ಸೋಸುವಿಕೆ ಚೆನ್ನಾಗುತ್ತದೆ. ಕೇಳಲು ವಿಚಿತ್ರ, ಆದರೆ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಬಟ್ಟೆಯಲ್ಲಿ ಕಾಲುವೆ ನೀರು ಸೋಸಿ ನೋಡಿ. ಮೊದಲ ತಂಬಿಗೆಗಿಂತ ನಂತರದ್ದು ತಿಳಿ, ಆದರೆ ಹನಿಯುವುದು ನಿಧಾನ. ಬಟ್ಟೆಯ ಮೇಲೆ ಕೂತ ಕೆಸರೇ ಇನ್ನೊಂದು ಬಟ್ಟೆಯಾಗುತ್ತದೆ. ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ಕುಡಿಯುವ ನೀರು ಸೋಸಿದರೆ ಕಾಲರಾ ಪ್ರಕರಣಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆ ಎಂದು ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದ ಅಧ್ಯಯನವೊಂದು 2003ರಲ್ಲಿ ತೋರಿಸಿತು. ನಮ್ಮ ಹಿರಿಯರು ಬಿಟ್ಟುಬಂದ ಸೀಮೆಯ ವಿದ್ಯೆ ಅದು.

ಆದರೆ ಬೂದಿಯ ಪದರ ದಪ್ಪಗಾಗುತ್ತ ಹೋದರೆ ತಡೆಯೂ ಏರುತ್ತದೆ. ಹಾಗಾಗಿ ಆಗಾಗ ಕೊಳವೆಯ ಒಳಗಿನಿಂದ ಒತ್ತಡದ ಗಾಳಿಯನ್ನು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಊದುತ್ತಾರೆ. ಪದರ ಬಿರಿದು ಕಳಚುತ್ತದೆ. ಕಳಚಿದ ಬೂದಿ ಕೆಳಗಿನ ಹಾಪರಿಗೆ ಬೀಳಬೇಕು.

ಬೀಳುತ್ತದೆಯೇ? ಲೆಕ್ಕಕ್ಕೆ ಕೂರುವ ಮೊದಲು ಬಾಬಾನನ್ನು ಕೇಳಿದೆ. ಮನೆಯಲ್ಲಿ ಬಂಗಾಳಿ ಮಾತಾಡಿದರೂ ಮಿಲ್ಲಿನ ಮಾತು ಬಂದಾಗ ಅವರು ಕನ್ನಡಕ್ಕೇ ಬರುತ್ತಾರೆ. ‘ಹೊಟ್ಟಿನ ಬೂದಿ ಕಲ್ಲಿದ್ದಲ ಬೂದಿ ಹಂಗ ಬೀಳಂಗಿಲ್ಲವ್ವ, ಬಾಳ ಹಗುರ. ಒಂದೀಟು ಗಾಳಿ ಇದ್ರ ಸಾಕು, ತೇಲಾಕತ್ತುತ್ತ’ ಎಂದರು.

ನಾನು ಓದಿದ ಉದಾಹರಣೆಗಳಲ್ಲಿ ಹೆಚ್ಚಿನವು ಕಲ್ಲಿದ್ದಲಿನ ಬೂದಿಯವು. ಹೊಟ್ಟಿನ ಬೂದಿಯ ಕಣ ರಂಧ್ರಮಯ, ಗಾತ್ರಕ್ಕೆ ತಕ್ಕ ತೂಕವಿಲ್ಲ. ಲೆಕ್ಕ ಹಾಕಿದೆ. 20 ಮೈಕ್ರಾನ್ ಗಾತ್ರದ, ನೀರಿಗಿಂತ ಎರಡು ಪಟ್ಟು ಸಾಂದ್ರತೆಯ ಕಣ 600 ಡಿಗ್ರಿಯ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1.1 ಸೆಂಟಿಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. ಸಾಂದ್ರತೆ ನೀರಿನ ಅರ್ಧದಷ್ಟಾದರೆ ಆ ವೇಗ 0.3 ಸೆಂಟಿಮೀಟರಿಗೂ ಕಡಿಮೆ. ಹೊಗೆ ಪಾತ್ರೆಯ ಕೆಳಗಿನಿಂದ ಒಳಬಂದು ಕೊಳವೆಗಳ ನಡುವೆ ಇದಕ್ಕಿಂತ ಜೋರಾಗಿ ಮೇಲೇರುತ್ತಿದ್ದರೆ, ಬಿಡಿಬಿಡಿಯಾದ ಕಣ ಬೀಳುವುದೇ ಇಲ್ಲ. ಮೇಲೆ ಹೋಗಿ ಮತ್ತೆ ಕೊಳವೆಗೇ ಅಂಟುತ್ತದೆ.

ಇದರಿಂದ ನನ್ನ ಪ್ರಾಜೆಕ್ಟಿನ ನಿಜವಾದ ಪ್ರಶ್ನೆ ಹುಟ್ಟಿತು: ಹೊಗೆಯನ್ನು ಕೆಳಗಿನಿಂದ ಬಿಡಬೇಕೋ, ಮೇಲಿನಿಂದಲೋ? ಎರಡನ್ನೂ ಲೆಕ್ಕಕ್ಕೆ ಹಾಕಿದೆ. ಕೊಳವೆಗಳ ಗೋಡೆಯ ತಡೆಯೇ ದೊಡ್ಡದಾದ್ದರಿಂದ ಎರಡರಲ್ಲೂ ಹೊಗೆ ಎಲ್ಲ ಕೊಳವೆಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಯಿತು. ವ್ಯತ್ಯಾಸ ಕಂಡದ್ದು ಕೊಳವೆಗಳ ನಡುವಿನ ಜಾಗದಲ್ಲಿ. ಕೆಳಗಿನಿಂದ ಬಿಟ್ಟಾಗ ಅಲ್ಲಿ ಗಾಳಿ ಮೇಲ್ಮುಖ, ಮೇಲಿನಿಂದ ಬಿಟ್ಟಾಗ ಕೆಳಮುಖ. ಎರಡನೆಯದರಲ್ಲಿ ಹಗುರ ಬೂದಿಯನ್ನು ಹಾಪರಿನತ್ತ ತಳ್ಳಲು ಹೊಗೆಯೇ ನೆರವಾಗುತ್ತದೆ. ಉದ್ಯಮದವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಹೊಟ್ಟಿನ ಬೂದಿಗೆ ಇದು ಎಷ್ಟು ಮುಖ್ಯ ಎಂಬುದು ನನಗೆ ಅಂಕಿಗಳಲ್ಲಿ ಕಂಡಿತು.

ಬೂದಿ ಬೀಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಪಾಠ ಅಮೆರಿಕದಲ್ಲಿದೆ. ಓಹಾಯೊ ರಾಜ್ಯದ ಟಿಡ್ ಎಂಬ ಕಲ್ಲಿದ್ದಲು ಸ್ಥಾವರದಲ್ಲಿ 1990ರ ದಶಕದಲ್ಲಿ ಸೆರಾಮಿಕ್ ಕೊಳವೆಗಳನ್ನು ಪರೀಕ್ಷಿಸಿದರು. ಸಣ್ಣ ಬೂದಿ ಕೊಳವೆಯಿಂದ ಕೊಳವೆಗೆ ಸೇತುವೆಯಂತೆ ಗಟ್ಟಿಕಟ್ಟಿ ಕೊಳವೆಗಳನ್ನೇ ಮುರಿಯಿತು. ಅವರು ಮಾಡಿದ ಉಪಾಯ ಕೇಳಿ: ಫಿಲ್ಟರಿನ ಮುಂಚೆ ಇದ್ದ ಸೈಕ್ಲೋನಿನ ಕೆಲಸವನ್ನು ಕಡಿಮೆ ಮಾಡಿದರು. ದಪ್ಪ ಕಣಗಳೂ ಬಂದು ಸೇರಿದಾಗ ಪದರ ಸಡಿಲವಾಗಿ, ಸುಲಭವಾಗಿ ಕಳಚತೊಡಗಿತು. ಹೆಚ್ಚು ಬೂದಿ ಕಳಿಸಿದ್ದೇ ಒಳ್ಳೆಯದಾಯಿತು! ಇಂಥದ್ದು ಯಂತ್ರದ ಪಕ್ಕ ನಿಂತವರಿಗೆ ಹೊಳೆಯುವ ಮಾತು.

ಇಂಟರ್‌ವ್ಯೂನಲ್ಲಿ ಕೇಳಿದ್ದು

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಎರಡು ಕಂಪನಿಗಳು ನನ್ನನ್ನು ವಾಪಸ್ ಕಳಿಸಿದವು. ಒಂದು ಕಡೆ ಅನುಭವ ಕೇಳಿದರು, ಇನ್ನೊಂದು ಕಡೆ ದುಬಾರಿ ಸಾಫ್ಟ್‌ವೇರಿನ ಹೆಸರು ಹೇಳಿ ‘ಇದು ಬರುತ್ತಾ?’ ಎಂದರು. ಅಷ್ಟರಲ್ಲಿ ಮಾ ದಿನವೂ ಪಿಡಿಒ ಪರೀಕ್ಷೆಯ ಪುಸ್ತಕ ಮುಂದಿಡುತ್ತಿದ್ದರು. ಅವರ ಚಿಂತೆ ತಪ್ಪಲ್ಲ. ನಮ್ಮಂಥ ಮನೆಯಲ್ಲಿ ಒಂದು ವರ್ಷ ಸುಮ್ಮನೆ ಕೂತರೆ ಅದರ ಬೆಲೆ ದೊಡ್ಡದು.

ಮೂರನೆಯ ಕಡೆ, ಬೆಂಗಳೂರಿನ ಸಣ್ಣ ಕಚೇರಿಯೊಂದರಲ್ಲಿ, ಒಬ್ಬರು ಬಿಳಿ ಹಾಳೆ ಕೊಟ್ಟು ‘ಗ್ಯಾಸ್ ಬಿಸಿಯಾದರೆ ಫಿಲ್ಟರಿನ ಪ್ರೆಶರ್ ಡ್ರಾಪ್ ಯಾಕೆ ಏರುತ್ತೆ? ಎಷ್ಟು ಏರುತ್ತೆ?’ ಎಂದು ಕೇಳಿದರು. ಆರು ಪಟ್ಟಿನ ಲೆಕ್ಕವನ್ನು ಅಲ್ಲೇ ಬರೆದು ತೋರಿಸಿದೆ. ಆಮೇಲೆ ಹೊಟ್ಟಿನ ಬೂದಿಯ ಬಗ್ಗೆ ಅರ್ಧ ಗಂಟೆ ಮಾತಾಯಿತು. ಅವರು ಪ್ರಶ್ನೆ ಕೇಳಿದ್ದು ಬಾಬಾ ಹೇಳಿದ ಮಾತಿನ ಬಗ್ಗೆಯೇ ಹೆಚ್ಚು. ಈಗ ಅಲ್ಲಿ ಟ್ರೈನಿ. ಸಂಬಳ ಕಡಿಮೆ, ಪಿಜಿ ಬಾಡಿಗೆ ಜಾಸ್ತಿ. ಆದರೂ ದಿನವೂ ಮಾಡುವುದು ಡೀಸೆಲ್ ಎಂಜಿನ್ನಿನ ಡಿಪಿಎಫ್ ಲೆಕ್ಕ, ಅದೇ ಡಾರ್ಸಿ, ಅದೇ ಗೋಡೆ.

ಸಾಫ್ಟ್‌ವೇರ್ ಯಾರು ಬೇಕಾದರೂ ಕಲಿಯಬಹುದು. ಏನು ಕೇಳಬೇಕು ಎಂಬುದು ಮಾತ್ರ ಬದುಕಿನಿಂದ ಬರುತ್ತದೆ. ಆ ವಿಷಯದಲ್ಲಿ ಬೆಂಗಳೂರಿನ ಹುಡುಗರಿಗಿಂತ ನಾವು ಬಡವರಲ್ಲ.

ಬಾಬಾನ ಪ್ರಶ್ನೆ

‘ಇದು ನಮ್ಮ ಮಿಲ್ಲಿಗೆ ಯಾವಾಗ ಬರ್ತದ?’ ಎಂದು ಬಾಬಾ ಕೇಳುತ್ತಾರೆ. ಸುಳ್ಳು ಭರವಸೆ ಕೊಡಲು ಮನಸ್ಸಾಗುವುದಿಲ್ಲ. ಸೆರಾಮಿಕ್ ಕೊಳವೆ ದುಬಾರಿ, ಒತ್ತಡದ ಗಾಳಿ ಊದಲು ಕಂಪ್ರೆಸರ್ ಬೇಕು. ಬಾಯ್ಲರಿಗೆ ಶಾಖ ಕೊಟ್ಟು ಚಿಮಣಿಗೆ ಬರುವಷ್ಟರಲ್ಲಿ ಹೊಗೆ ಬಹಳಷ್ಟು ತಣ್ಣಗಾಗಿರುತ್ತದೆ. ಅಲ್ಲಿಗೆ ಕಿಡಿ ತಡೆಯುವ ಒಳ್ಳೆಯ ಸೈಕ್ಲೋನ್, ಅದರ ಹಿಂದೆ ಬಟ್ಟೆ ಚೀಲ, ಇಷ್ಟನ್ನು ಸರಿಯಾಗಿ ನೋಡಿಕೊಂಡರೆ ಅರ್ಧ ಕಷ್ಟ ತೀರುತ್ತದೆ. ಬೂದಿ ತುಂಬುವವರಿಗೆ ಒಳ್ಳೆಯ ಮಾಸ್ಕ್, ಬೂದಿಗೆ ನೀರು ಚಿಮುಕಿಸುವುದು, ಇವಕ್ಕೆ ಯಾವ ಸಿಮ್ಯುಲೇಷನ್ನೂ ಬೇಡ. ಹೋದ ಸಲ ಊರಿಗೆ ಹೋದಾಗ ಬಾಬಾಗೆ ಮಾಸ್ಕ್ ತೆಗೆದುಕೊಂಡು ಹೋಗಿದ್ದೆ. ಹಾಕಿಕೊಳ್ಳುತ್ತಾರೆ ಎಂದು ಮಾ ಫೋನಿನಲ್ಲಿ ಹೇಳುತ್ತಾರೆ. ನಾನು ಅರ್ಧ ನಂಬುತ್ತೇನೆ. ಸೆರಾಮಿಕ್ ಫಿಲ್ಟರಿಗೆ ಸರಿಯಾದ ಜಾಗ ಹೊಟ್ಟಿನ ಗ್ಯಾಸಿಫೈಯರ್. ಅದರ ಲೆಕ್ಕ ಇನ್ನೂ ಮುಂದುವರಿಸಬೇಕಿದೆ, ಭಾನುವಾರಗಳಲ್ಲಿ ಮಾಡುತ್ತಿದ್ದೇನೆ.

ಈ ಪುಟ ಓದುತ್ತಿರುವ ನಿಮ್ಮೂರಲ್ಲೂ ಒಂದು ಚಿಮಣಿ ಇರುತ್ತದೆ. ಮಂಡ್ಯದ ಕಡೆಯ ಆಲೆಮನೆ, ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಒಲೆ, ಕರಾವಳಿಯ ಗೇರುಬೀಜ ಕಾರ್ಖಾನೆ, ಊರಾಚೆಯ ಇಟ್ಟಿಗೆ ಗೂಡು. ಪ್ರತಿಯೊಂದರ ಹೊಗೆಯೂ ಬೇರೆ, ಬೂದಿಯೂ ಬೇರೆ. ಪ್ರಾಜೆಕ್ಟ್ ಹುಡುಕುತ್ತಿದ್ದರೆ ಅಲ್ಲಿಗೆ ಹೋಗಿ. ಅಲ್ಲಿ ಹತ್ತಾರು ವರ್ಷ ಬೆಂಕಿಯ ಮುಂದೆ ನಿಂತವರೊಬ್ಬರು ಸಿಗುತ್ತಾರೆ. ಮೊದಲು ಅವರನ್ನು ಮಾತಾಡಿಸಿ, ಕೈಲೆಕ್ಕ ಮಾಡಿ. ಲ್ಯಾಪ್‌ಟಾಪ್ ಆಮೇಲೆ ತೆರೆದರೆ ಸಾಕು.